ರದ್ದಿಯವನಿಗೆ ಕನ್ನಡ ಅಕ್ಷರ ಕಲಿಸಿದ್ದು

ನಮ್ಮ ಸಂಘದ ಹೋದ ತಿಂಗಳ ಸಭೆಯಲ್ಲಿ ನನ್ನ ಮೇಲೆ ಒಂದು ಆಪಾದನೆ ಬಂತು. ಚಹಾ ಬಂದ ಮೇಲೆ ಬಂದದ್ದರಿಂದ ಅದು ನಡಾವಳಿಯಲ್ಲಿ ದಾಖಲಾಗಿಲ್ಲ. ಕೇಳಿದವರು ಮಾತ್ರ ಹನ್ನೆರಡು ಮಂದಿ. ವಿಜಾಪುರ ಕಡೆಯ ನಮ್ಮ ಗೆಳೆಯನೊಬ್ಬ ಕಪ್ಪು ಕೆಳಗಿಟ್ಟು, "ಇವನ ದೆಸೆಯಿಂದ ಕಿಂಗ್ಸ್ ಸರ್ಕಲ್ಲಿನಾಗ ಕನ್ನಡ ಪುಸ್ತಕ ತುಟ್ಟಿ ಆಗ್ಯಾವ ನೋಡ್ರಿ. ಇಪ್ಪತ್ತು ರೂಪಾಯಿಗೆ ಕೊಡ್ತಿದ್ದ ಮನುಷ್ಯಾ ಈಗ ನೂರೈವತ್ತು ಅಂತಾನ. ಯಾಕಂದ್ರ ಈ ಪುಣ್ಯಾತ್ಮ ಅವಗ ಕನ್ನಡ ಓದಲಿಕ್ಕೆ ಕಲಿಸ್ಯಾನ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋಗುವ ಲೋಕಲ್ಲಿನಲ್ಲಿ, ಬಾಗಿಲ ಕಂಬ ಹಿಡಿದು ನಿಂತಾಗ, ನಗುವಂಥದ್ದೇನೂ ಇರಲಿಲ್ಲ ಅನ್ನಿಸಿತು. ಸಂಪಾದಕರು ನಾಲ್ಕು ಪುಟ ಕೊಟ್ಟಿದ್ದಾರೆ. ಉತ್ತರ ಇಲ್ಲಿ ಹೇಳುತ್ತೇನೆ.

ಓದಲು ಕಲಿಸಿದ್ದು ಸುಳ್ಳು. ಗುರುತು ಹಿಡಿಯಲು ಕಲಿಸಿದ್ದು ನಿಜ. ಬೆಲೆ ಏರಿದ್ದೂ ನಿಜ. ನಾನು ಮಾಡಿದ್ದು ಸರಿ ಎಂಬುದು ನನ್ನ ವಾದ.

ಮುಂಬಯಿಯಲ್ಲಿ ಹಳೆ ಪುಸ್ತಕ ಎಂದರೆ ಯಾರೂ ಫೌಂಟನ್ ಕಡೆ ಕೈ ತೋರಿಸುತ್ತಾರೆ. ಹುತಾತ್ಮ ಚೌಕದಿಂದ ಚರ್ಚ್‌ಗೇಟಿಗೆ ಹೋಗುವ ಫುಟ್‌ಪಾತಿನಲ್ಲಿ, ಹಳೆಯ ತಾರು ಕಛೇರಿಯ ಮಗ್ಗುಲಿನಲ್ಲಿ, ಒಂದು ಕಾಲಕ್ಕೆ ಇದ್ದಷ್ಟು ಅಂಗಡಿಗಳು ಈಗ ಇಲ್ಲ. ಇರುವವರ ಹತ್ತಿರವೂ ಪತ್ತೇದಾರಿ ಇಂಗ್ಲಿಷ್ ಕಾದಂಬರಿ, ಪರೀಕ್ಷೆಯ ಗೈಡು ಇವೇ ಹೆಚ್ಚು. ನಮ್ಮಂಥವರಿಗೆ ಹೆಚ್ಚು ಉಪಯೋಗದ್ದು ಮಾಟುಂಗಾದ ಕಿಂಗ್ಸ್ ಸರ್ಕಲ್. ಮಹೇಶ್ವರಿ ಉದ್ಯಾನದ ಪಕ್ಕದ ಫುಟ್‌ಪಾತ್ ಅದು. ಸುತ್ತ ಕಾಲೇಜುಗಳು ಇರುವುದರಿಂದ ಅಲ್ಲಿ ಇಂಜಿನಿಯರಿಂಗ್ ಪುಸ್ತಕಗಳದ್ದೇ ರಾಜ್ಯ. ಆದರೆ ಮಾಟುಂಗಾ ನೋಡಿ, ನಮ್ಮ ದಕ್ಷಿಣದವರ ಕೇರಿ. ಬಾಳೆ ಎಲೆ, ಮಲ್ಲಿಗೆ ದಂಡೆ, ಫಿಲ್ಟರ್ ಕಾಫಿ ಎಲ್ಲಾ ಸಿಗುವ ಜಾಗ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ಕಟ್ಟಡಕ್ಕೆ ಅಲ್ಲಿಂದ ನಡೆದೇ ಹೋಗಬಹುದು. ಇಷ್ಟಿದ್ದೂ ಆ ಫುಟ್‌ಪಾತಿನಲ್ಲಿ ಕನ್ನಡ ಪುಸ್ತಕ ಬೆನ್ನು ತೋರಿಸಿಕೊಂಡು ಸಾಲಿನಲ್ಲಿ ನಿಂತದ್ದನ್ನು ನಾನು ಮೂರು ವರ್ಷದಲ್ಲಿ ಒಮ್ಮೆಯೂ ಕಾಣಲಿಲ್ಲ. ಅದು ಇರುವುದು ಅಡಿಯಲ್ಲಿ, ಪ್ಲಾಸ್ಟಿಕ್ ಹಾಳೆಯ ಕೆಳಗೆ, ಇಟ್ಟಿಗೆಯ ಬದಲಿಗೆ. ಒಮ್ಮೆ ನಾನು ಕೂತ ಗಂಟೇ ಕನ್ನಡ ಪುಸ್ತಕದ್ದಾಗಿತ್ತು ಎಂದರೆ ನಂಬಿ.

ಕಾರಣ ಸರಳ. ಮಾರುವವನಿಗೆ ಓದಲು ಬರುವುದಿಲ್ಲ. ಇಂಗ್ಲಿಷ್ ಪುಸ್ತಕವನ್ನು ಅವನು ಹೆಸರು ನೋಡಿ ಕೊಳ್ಳುತ್ತಾನೆ, ಮರಾಠಿ ಹಿಂದಿಗಳನ್ನೂ ಹಾಗೆಯೇ. ನಮ್ಮದು ಅವನ ಬಾಯಲ್ಲಿ "ಮದ್ರಾಸಿ". ತಮಿಳು, ತೆಲುಗು, ಮಲಯಾಳ, ಕನ್ನಡ ಎಲ್ಲಾ ಒಂದೇ ಚೀಲ, ಒಂದೇ ತಕ್ಕಡಿ. ನಮ್ಮ ಬೀದಿಯ ರದ್ದಿಯವನು ಕಿಲೋಗೆ ಹದಿನಾಲ್ಕು ರೂಪಾಯಿ ಕೊಡುತ್ತಾನೆ. 'ಮಲೆಗಳಲ್ಲಿ ಮದುಮಗಳು' ಅಷ್ಟು ದಪ್ಪ ಇದ್ದರೂ ಅವನ ಲೆಕ್ಕದಲ್ಲಿ ಒಂದು ವಡಾ ಪಾವಿಗೆ ಸಾಲದು. ಮನೆಯಿಂದ ರದ್ದಿ, ರದ್ದಿಯಿಂದ ಫುಟ್‌ಪಾತು, ಫುಟ್‌ಪಾತಿನಲ್ಲಿ ಎರಡು ಮಳೆಗಾಲ ಕಳೆದರೆ ಕಾಗದದ ಕಾರಖಾನೆಯ ಹೊಂಡ. ಎಷ್ಟೋ ಪುಸ್ತಕಗಳಿಗೆ ಫುಟ್‌ಪಾತಿನ ಭಾಗ್ಯವೂ ಇಲ್ಲ, ನೇರ ಹೊಂಡಕ್ಕೇ.

ಮನೆಯಿಂದ ಯಾಕೆ ಹೊರಡುತ್ತವೆ ಎಂಬುದನ್ನು ನಿಮಗೆ ಬೇರೆ ಹೇಳಬೇಕಾಗಿಲ್ಲ. ಅಜ್ಜ ಟ್ರಂಕಿನಲ್ಲಿ ತಂದ. ಅಪ್ಪ ಹೊಟ್ಟೆಪಾಡಿನ ನಡುವೆ ಅಷ್ಟಿಷ್ಟು ಓದಿದ. ಮಗನಿಗೆ ಮನೆಯಲ್ಲಿ ಮಾತಾಡಲು ಬರುತ್ತದೆ, ಅಕ್ಷರ ಬರುವುದಿಲ್ಲ. ಅಷ್ಟರಲ್ಲಿ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಗುತ್ತದೆ. ಬಾಡಿಗೆ ಮನೆಗೆ ಸಾಮಾನು ಸಾಗಿಸುವಾಗ ಮೊದಲು ಇಳಿಯುವುದು ಪುಸ್ತಕದ ಕಪಾಟು. ಬೇರೆ ಊರಿನ ಗೆಳೆಯರದ್ದೂ ಇದೇ ಕಥೆ. ಹೈದರಾಬಾದಿನ ಅಬಿಡ್ಸ್‌ನಲ್ಲಿ ಆದಿತ್ಯವಾರ ಪುಸ್ತಕ ಹುಡುಕುವವನೊಬ್ಬ, ತೆಲುಗಿನ ರಾಶಿಯಲ್ಲಿ ಕನ್ನಡ ಹುಡುಕುವುದೆಂದರೆ ಅಕ್ಕಿಯಲ್ಲಿ ಬಿಳಿಕಲ್ಲು ಆರಿಸಿದ ಹಾಗೆ ಎಂದು ಬರೆದಿದ್ದ.

ಈ ಹುಡುಕಾಟದ ಹುಚ್ಚು ನನಗೆ ಹೇಗೆ ಹಿಡಿಯಿತೆಂದು ಹೇಳುತ್ತ ಕೂತರೆ ಪುಟ ಮುಗಿದೀತು. ಹಿಡಿದ ಮೇಲೆ ಕಲಿತದ್ದನ್ನು ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬರಲಿ.

ಹಳೆ ಕನ್ನಡ ಪುಸ್ತಕದ ವಯಸ್ಸು ತಿಳಿಯಲು ಮುದ್ರಣದ ವರ್ಷವನ್ನೇ ನಂಬಿ ಕೂರಬೇಡಿ. ಆ ಪುಟವೇ ಎಷ್ಟೋ ಸಲ ಹರಿದು ಹೋಗಿರುತ್ತದೆ. ಬೆಲೆ ನೋಡಿ. ಆಣೆಯಲ್ಲಿದ್ದರೆ 1957ರ ಹಿಂದಿನದು, ಹೆಚ್ಚೆಂದರೆ ಹಳೆ ದಾಸ್ತಾನು. "ನ. ಪೈ." ಎಂದಿದ್ದರೆ ನಯಾ ಪೈಸೆಯ ಕಾಲ, 1957ರಿಂದ 1964. ಪ್ರಕಾಶಕರ ವಿಳಾಸ ನೋಡಿ. "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರಿಗಿಂತ ಹಿಂದೆ. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟಿನ ಈಚೆಗೆ. ಧಾರವಾಡದ ಪುಸ್ತಕದಲ್ಲಿ ಮುಂಬಯಿ ರಾಜ್ಯ ಎಂದು ಕಂಡರೆ ಗಾಬರಿ ಬೇಡ. 1956ರ ತನಕ ಧಾರವಾಡ ಈ ನಮ್ಮ ಮುಂಬಯಿಗೇ ಸೇರಿತ್ತು! ಎಲ್ಲಕ್ಕಿಂತ ಮೋಜು ಸಂವತ್ಸರದ್ದು. "ವಿಕೃತಿ ಸಂವತ್ಸರ" ಎಂದಷ್ಟೇ ಹಾಕಿ ಬಿಟ್ಟಿರುತ್ತಾರೆ. ಅದು 1950ರದ್ದೋ 1890ರದ್ದೋ? ಅರವತ್ತು ವರ್ಷಕ್ಕೊಮ್ಮೆ ಬರುವ ಪುಣ್ಯಾತ್ಮ ಅವನು. ಆಗ ಕಾಗದ, ಅಕ್ಷರದ ಮೊಳೆ, ರಟ್ಟು ಎಲ್ಲಾ ನೋಡಬೇಕು. ಹಾಳೆಯ ಬೆನ್ನ ಮೇಲೆ ಬೆರಳು ಆಡಿಸಿ. ಮೊಳೆ ಒತ್ತಿದ ಗುರುತು ಕೈಗೆ ಸಿಕ್ಕಿದರೆ ಅಚ್ಚುಮೊಳೆಯ ಮುದ್ರಣ, ನುಣ್ಣಗಿದ್ದರೆ ಆಫ್‌ಸೆಟ್. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. "ಪ್ರತಿಗಳು : 1000" ಎಂದು ಅಚ್ಚಾಗಿದ್ದರೆ ಒಂದು ಕ್ಷಣ ನಿಂತು ಲೆಕ್ಕ ಹಾಕಿ. ಆ ಸಾವಿರದಲ್ಲಿ ಗೆದ್ದಲು ತಿಂದದ್ದೆಷ್ಟು, ಬೂಷ್ಟು ಹಿಡಿದದ್ದೆಷ್ಟು, ತಕ್ಕಡಿಗೆ ಹೋದದ್ದೆಷ್ಟು.

ಹೀಗೆ ಕಲಿಯುತ್ತ ಕಲಿಯುತ್ತ ನಾನು 'ಮೊದಲ ಮುದ್ರಣ'ದ ಭೂತಕ್ಕೆ ಸಿಕ್ಕಿಬಿದ್ದೆ. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆಯ ಪುಸ್ತಕಗಳನ್ನೇ ತೆಗೆದುಕೊಳ್ಳಿ. 1961ರ 'ಯಯಾತಿ', 1965ರ 'ಸಂಸ್ಕಾರ', 1979ರ 'ಶಿಕಾರಿ' ಇವುಗಳ ಮೊದಲ ಪ್ರತಿ ಎಂದರೆ ನನಗೆ ಊಟ ಬೇಡ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1899ರಲ್ಲಿ ಅಚ್ಚಾದ ಗುಲ್ವಾಡಿಯವರ 'ಇಂದಿರಾಬಾಯಿ' ನನ್ನ ಹತ್ತಿರ ಇದೆ, ಕನಸಿನಲ್ಲಿ. 1894ರ ಕಿಟೆಲ್ ನಿಘಂಟು ಸಿಕ್ಕಿದರೆ ಎತ್ತಿಕೊಂಡು ಹೋಗಲು ಹಮಾಲನನ್ನು ಕರೆಯಬೇಕು ಎಂದು ಲೆಕ್ಕ ಹಾಕಿಟ್ಟಿದ್ದೆ. ದಿನಾ ಶಬ್ದ ಹುಡುಕಲು, ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯ ತಂದ ನಾಲ್ಕು ಸಂಪುಟಗಳೇ ಹೆಚ್ಚು ಅನುಕೂಲ ಎಂಬುದು ಗೊತ್ತಿದ್ದೂ.

ಮೊದಲ ಮುದ್ರಣವೇ ಶ್ರೇಷ್ಠ ಎಂಬುದಕ್ಕೆ ಆಧಾರ ಇಲ್ಲ ಮಾರಾಯರೇ. ಅದರಲ್ಲಿ ತಪ್ಪು ಜಾಸ್ತಿ. ಕೊನೆಗೆ 'ತಪ್ಪು–ಒಪ್ಪು' ಎಂಬ ಚೀಟಿ ಅಂಟಿಸಿರುತ್ತಾರೆ, ಆ ಚೀಟಿಯಲ್ಲೂ ಒಂದು ತಪ್ಪು ಇರುತ್ತದೆ. ಲೇಖಕರು ತಿದ್ದಿದ್ದು ಎರಡನೆಯದರಲ್ಲಿ. ಒಂದು ಮಾತು ಮಾತ್ರ ಒಪ್ಪುತ್ತೇನೆ. ಮರುಮುದ್ರಣದಲ್ಲಿ ಬಿಟ್ಟುಹೋಗುವಂಥವು ಹಳೆಯ ಪ್ರತಿಯಲ್ಲಿ ಇರುತ್ತವೆ. ಆಗಿನ ಮುನ್ನುಡಿ, ಆಗಿನ ಮುಖಚಿತ್ರ, ಗ್ರಂಥಮಾಲೆಯ ಚಂದಾ ನಿಯಮ, "ಮುಂದೆ ಬರಲಿರುವ" ಎಂದು ಜಾಹೀರಾತು ಹಾಕಿದ ಪುಸ್ತಕದ ಹೆಸರು. ಒಂದು ಕಾಲದ ಓದುಗರು ಏನನ್ನು ಕಾಯುತ್ತಿದ್ದರು ಎಂಬುದು ಆ ಜಾಹೀರಾತಿನಿಂದಲೇ ತಿಳಿಯುವುದು. ಇಷ್ಟಕ್ಕೆ ಬೆಲೆ ಉಂಟು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಪಾಟಿನಲ್ಲಿ ಬೀಗ ಹಾಕುವ ಭಕ್ತಿಗೆ ಇಲ್ಲ. ಈ ಭಕ್ತಿ ನನ್ನದೂ ಆಗಿತ್ತು.

ಅದು ಬಿಟ್ಟುಹೋದದ್ದು ಹೀಗೆ.

ಎರಡು ವರ್ಷದ ಹಿಂದೆ, ಜುಲೈ ತಿಂಗಳು, ಮಳೆ ಹಿಡಿದಿತ್ತು. ಡೊಂಬಿವಿಲಿಯ ಒಂದು ರದ್ದಿ ಅಂಗಡಿಯಲ್ಲಿ ಸುತಳಿ ಕಟ್ಟಿದ ಒಂದು ಕಟ್ಟು ಕಂಡಿತು. ಹದಿನಾಲ್ಕು ಪುಸ್ತಕ, ಎಲ್ಲಾ ಕನ್ನಡ. ಮೇಲಿನಿಂದ ಮೂರನೆಯದು 'ಶಿಕಾರಿ', 1979. ನನ್ನ ಎದೆ ಹೊಡೆದುಕೊಳ್ಳುವುದು ಅವನಿಗೆ ಕೇಳಿಸಬಾರದೆಂದು ಮೊದಲು ಒಂದು ಹಳೆ ಇಂಗ್ಲಿಷ್ ವಾರಪತ್ರಿಕೆಯ ದರ ಕೇಳಿದೆ. ಆಮೇಲೆ ಬೇಸರದ ಮುಖ ಮಾಡಿ, "ಔರ್ ಯೇ ಮದ್ರಾಸಿ ಕಾ ಕ್ಯಾ ಲೇಗಾ?" ಎಂದೆ. ನಾನೂ ಮದ್ರಾಸಿ ಎಂದೇ! ಇನ್ನೂರ ಎಂಬತ್ತಕ್ಕೆ ಕೊಟ್ಟ. ತಲಾ ಇಪ್ಪತ್ತು. ಅಂಗಿಯೊಳಗೆ ಇಟ್ಟುಕೊಂಡು ನೆನೆಯುತ್ತ ಓಡಿದೆ.

ಮನೆಗೆ ಬಂದು ನೋಡಿದರೆ ಪ್ರತಿಯೊಂದರ ಮೇಲೂ ನೇರಳೆ ಬಣ್ಣದ ಮೊಹರು. ಮುಂಬಯಿಯ ಒಂದು ಕನ್ನಡ ರಾತ್ರಿ ಶಾಲೆಯದು. "ರದ್ದು ಮಾಡಲಾಗಿದೆ" ಎಂಬ ಮೊಹರು ಎಲ್ಲೂ ಇಲ್ಲ. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿ, ಅದರಲ್ಲಿ ತಾರೀಕುಗಳು. ನನಗೆ ಆಗ ಅನ್ನಿಸಿದ್ದು ಒಂದೇ. ಛೆ, ಮೊಹರು ಬಿದ್ದು ಪ್ರತಿ ಹಾಳಾಯಿತಲ್ಲ! ಅದನ್ನು ಉಜ್ಜಿ ತೆಗೆಯುವುದು ಹೇಗೆ ಎಂದೂ ಇಬ್ಬರ ಹತ್ತಿರ ಕೇಳಿದ್ದೆ. ಒಬ್ಬನು ಬ್ಲೇಡಿನಿಂದ ಕೆರೆಯಲು ಹೇಳಿದ. ಪುಣ್ಯಕ್ಕೆ ಕೆರೆಯಲಿಲ್ಲ.

ನಮ್ಮ ಬಿಲ್ಡಿಂಗಿನ ಕೆಳಮಾಳಿಗೆಯಲ್ಲಿ ಒಬ್ಬರು ಇದ್ದಾರೆ. ನನಗೆ ರಕ್ತಸಂಬಂಧ ಏನಿಲ್ಲ, ಮಾಮ ಎಂದೇ ಕರೆಯುವುದು. ಹನ್ನೆರಡನೆಯ ವರ್ಷಕ್ಕೆ ಕುಂದಾಪುರದಿಂದ ಬಂದು, ಹಗಲು ಕೋಟೆಯ ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮಾಡಿ, ಬ್ಯಾಂಕಿನಲ್ಲಿ ನಿವೃತ್ತರಾದವರು. ಇಂಥವರು ನಮ್ಮ ಸಂಘದವರ ಮನೆಮನೆಯಲ್ಲೂ ಇದ್ದಾರೆ. ದೀಪಾವಳಿಯ ಹೊತ್ತಿಗೆ ಅವರು ಮನೆಗೆ ಬಂದಾಗ ಕಪಾಟು ತೆಗೆದು ಜಂಬದಿಂದ ತೋರಿಸಿದೆ. ಅವರು ಮುಖಚಿತ್ರ ನೋಡಲಿಲ್ಲ. ಹಿಂದಿನ ರಟ್ಟು ತೆರೆದು ಚೀಟಿ ನೋಡಿದರು. ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಎಣಿಸಿದರು. 'ಶಿಕಾರಿ' 1983ರ ಜೂನಿನಿಂದ ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಸಲ ಹೊರಗೆ ಹೋಗಿತ್ತು.

"ಇದು ನಮ್ಮ ಶಾಲೆಯದಲ್ಲ. ಆದರೆ ನಮ್ಮಲ್ಲೂ ಹೀಗೇ ಇತ್ತು ಮಾರಾಯ. ಸರದಿ ಬರೆಸಬೇಕು. ಹದಿನೈದು ದಿವಸ ದಾಟಿದರೆ ದಿನಕ್ಕೆ ಹತ್ತು ಪೈಸೆ ದಂಡ. ನೀನು ಎಷ್ಟು ದಿವಸದಿಂದ ಇಟ್ಟುಕೊಂಡಿದ್ದಿ?" ಎಂದರು.

"ನಾಲ್ಕು ತಿಂಗಳಾಯ್ತು."

"ಓದಿದ್ದಿಯಾ?"

ನಾನು ಓದಿದ್ದು ಬೇರೆ ಪ್ರತಿ, ಕಾಲೇಜಿನ ಗ್ರಂಥಾಲಯದ್ದು. ಇದನ್ನು ತೆರೆದರೆ ಬೆನ್ನು ಒಡೆದೀತೆಂದು ಮುಟ್ಟಿರಲಿಲ್ಲ. ಹಾಗೆ ಹೇಳಲು ನಾಲಿಗೆ ಹೊರಳಲಿಲ್ಲ. ಅವರು ಪುಸ್ತಕ ಮಡಚಿ, ಕವರಿಗೆ ಹಾಕಿ, ಇದ್ದಲ್ಲೇ ಇಟ್ಟು, ಚಕ್ಕುಲಿ ತಿಂದು ಹೋದರು.

ಮರುವಾರ ನಾನು ಮೊಹರಿನ ವಿಳಾಸ ಹುಡುಕಿಕೊಂಡು ಹೋದೆ. ಹೋಗುವಾಗ ನನ್ನ ತಲೆಯಲ್ಲಿ ಒಂದು ದೊಡ್ಡ ಭಾಷಣವೇ ತಯಾರಿತ್ತು. ಶಾಲೆ ಮುಚ್ಚಿ ಕೆಲವು ವರ್ಷ ಆಗಿದೆ. ವಿಶ್ವಸ್ಥರಲ್ಲಿ ಒಬ್ಬರು ಸಿಕ್ಕಿದರು, ಎಪ್ಪತ್ತು ದಾಟಿದವರು. ಅವರ ಮೇಲೆ ಏರಿಹೋದೆ. ಎರಡು ತಲೆಮಾರಿನ ಪುಸ್ತಕಗಳನ್ನು ತೂಕಕ್ಕೆ ಹಾಕಿದಿರಲ್ಲ, ನಿಮಗೆ ಏನೂ ಅನ್ನಿಸಲಿಲ್ಲವೇ ಎಂದೆ. ಅವರು ಸಿಟ್ಟಾಗಲಿಲ್ಲ. ಕುಳಿತುಕೊಳ್ಳಲು ಹೇಳಿದರು. ಕಟ್ಟಡದ ರಿಪೇರಿಗೆ ಕೋಣೆ ಖಾಲಿ ಮಾಡಬೇಕಾಗಿತ್ತು. ಸುಮಾರು ಒಂಬೈನೂರು ಪುಸ್ತಕ. ಮೂರು ತಿಂಗಳು ಬಾಗಿಲಿಗೆ ನೋಟೀಸು ಹಚ್ಚಿದ್ದರಂತೆ, ಬೇಕಾದವರು ಬಂದು ಒಯ್ಯಿರಿ ಎಂದು. ಬಂದವರು ನಾಲ್ಕು ಜನ, ಒಯ್ದದ್ದು ನಿಘಂಟು ಮತ್ತು ಅಡಿಗೆ ಪುಸ್ತಕ. ಕೊನೆಗೆ ಹೇಳಿದರು, "ನಿಮ್ಮ ಕಾಲೇಜಿನ ಕನ್ನಡ ಸಂಘಕ್ಕೂ ಒಂದು ಕಾಗದ ಹಾಕಿದ್ದೆ. ಉತ್ತರ ಬರಲಿಲ್ಲ."

ಬಂದು ನಮ್ಮ ಫೈಲು ತೆಗೆದು ನೋಡಿದೆ. ಕಾಗದ ಇತ್ತು. ಚಂದದ ಕೈಬರಹ, ಒಂದೂವರೆ ಪುಟ. ಅಂಚಿನಲ್ಲಿ ಕೆಂಪು ಶಾಯಿಯಿಂದ, "ಮುಂದಿನ ಸಭೆಯಲ್ಲಿ ಚರ್ಚಿಸುವುದು." ಆ ಸಾಲಿನ ಕೈಬರಹ ಯಾರದೆಂದು ನಾನು ಹೇಳುವುದಿಲ್ಲ. ಆ ವರ್ಷ ನಾನೂ ಕಾರ್ಯಕಾರಿ ಸಮಿತಿಯಲ್ಲಿ ಇದ್ದೆ ಎಂದು ಮಾತ್ರ ಹೇಳುತ್ತೇನೆ. ಮುಂದಿನ ಸಭೆಯಲ್ಲಿ ನಾವು ಚರ್ಚಿಸಿದ್ದು ನಾಟಕಕ್ಕೆ ಬಾಡಿಗೆ ಪೋಷಾಕು ಎಲ್ಲಿಂದ ತರುವುದು ಎಂಬುದನ್ನು. ಒಂಬೈನೂರರಲ್ಲಿ ಹದಿನಾಲ್ಕು ನನ್ನ ಕೈಗೆ ಬಂದವು, ಅದೂ ನನ್ನ ಜಾಣತನದಿಂದ ಎಂದು ನಾನು ತಿಳಿದುಕೊಂಡಿದ್ದೆ.

ಈಗ ಕಿಂಗ್ಸ್ ಸರ್ಕಲ್ಲಿನ ವಿಷಯಕ್ಕೆ ಬರುತ್ತೇನೆ. ಆಮೇಲಿನ ಒಂದು ಆದಿತ್ಯವಾರ ಅಲ್ಲಿಯ ಆ ಮನುಷ್ಯನ ಹತ್ತಿರ ಸ್ಟೂಲು ಎಳೆದು ಕೂತೆ. ಒಂದು ಕನ್ನಡ ಪುಸ್ತಕ, ಒಂದು ತೆಲುಗು ಪುಸ್ತಕ ಅಕ್ಕಪಕ್ಕ ಇಟ್ಟೆ. ಅಕ್ಷರದ ಮೈ ಎರಡರದ್ದೂ ಅಣ್ಣತಮ್ಮಂದಿರ ಹಾಗೆ. ವ್ಯತ್ಯಾಸ ತಲೆಕಟ್ಟಿನಲ್ಲಿ. ತೆಲುಗಿನದ್ದು ಮಾಸ್ತರರು ಸರಿ ಎಂದು ಹಾಕುವ ಗುರುತಿನ ಹಾಗೆ, ಮೇಲಕ್ಕೆ ಚಿಮ್ಮುತ್ತದೆ. ಕನ್ನಡದ್ದು ಮಲಗಿಸಿದ ಗೆರೆ, ತುದಿಯಲ್ಲಿ ಒಂದು ಸಣ್ಣ ಕೊಂಕು. ಮಲಯಾಳಕ್ಕೆ ತಲೆಕಟ್ಟೇ ಇಲ್ಲ, ತಮಿಳು ಮೂಲೆಮೂಲೆಯಾಗಿ ಕಾಣುತ್ತದೆ. ಹತ್ತು ನಿಮಿಷದಲ್ಲಿ ಅವನು ಕಲಿತ. ನಮ್ಮ ಎರಡನೆಯ ವರ್ಷದ ವಿದ್ಯಾರ್ಥಿಗಳಿಗಿಂತ ಬೇಗ ಕಲಿತ ಎಂದರೆ ಅತಿಶಯೋಕ್ತಿಯಲ್ಲ. ಆಮೇಲೆ ಹೇಳಿದೆ, ಈ ಮಲಗಿದ ಗೆರೆಯದ್ದು ಬಂದರೆ ತೂಕಕ್ಕೆ ಹಾಕಬೇಡ, ಬೇರೆ ಇಡು, ನನಗೆ ಫೋನು ಮಾಡು, ನಾನು ತೆಗೆದುಕೊಳ್ಳುತ್ತೇನೆ.

"ಕಿತ್ನಾ ದೇಗಾ?" ಎಂದ. ಸಹಜವಾದ ಪ್ರಶ್ನೆ. ನಾನು ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ. ಇಂಥದ್ದಕ್ಕೆ ಐವತ್ತು, ಇಂಥದ್ದಕ್ಕೆ ನೂರು, ತೀರಾ ಹಳೆಯದಾದರೆ ಇನ್ನೂ ಹೆಚ್ಚು ಎಂದೆ. ಅಲ್ಲಿಂದ ಶುರುವಾದದ್ದು ನೀವು ಹೇಳುವ ತುಟ್ಟಿ.

ನನ್ನ ಗೆಳೆಯನ ಸಿಟ್ಟು ನನಗೆ ಅರ್ಥವಾಗುತ್ತದೆ. ಅವನಿಗೆ ತಿಂಗಳಿಗೆ ಊರಿನಿಂದ ಬರುವ ಹಣ ಮೆಸ್ಸಿಗೇ ಸರಿ. ಇಪ್ಪತ್ತು ರೂಪಾಯಿ ಪುಸ್ತಕ ಅವನಿಗೆ ಚೈನಿಯಲ್ಲ, ಓದು. ನೂರೈವತ್ತು ಎಂದರೆ ಅವನು ಕೊಳ್ಳುವುದಿಲ್ಲ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಇನ್ನೊಂದು ತೊಂದರೆಯೂ ಉಂಟು, ಅವನಿಗೆ ಗೊತ್ತಿಲ್ಲದ್ದನ್ನು ನಾನೇ ಹೇಳುತ್ತೇನೆ. ಆ ಮಾರುವವನಿಗೆ ಈಗ ಎಲ್ಲಾ ಮಲಗಿದ ಗೆರೆಯೂ ಬಂಗಾರ. ಹೋದ ವಾರ ಏಳನೆಯ ತರಗತಿಯ ಗಣಿತದ ಪಠ್ಯಪುಸ್ತಕವೊಂದನ್ನು ತೋರಿಸಿ, "ಬಹುತ್ ಪುರಾನಾ ಹೈ ಸಾಬ್" ಎಂದು ನೂರೈವತ್ತು ಹೇಳಿದ.

ಆದರೂ ಯೋಚಿಸಿ. ಇಪ್ಪತ್ತು ರೂಪಾಯಿಗೆ ಸಿಗುತ್ತಿದ್ದದ್ದು ಯಾಕೆ? ಅವನು ಉದಾರಿ ಎಂದಲ್ಲ, ಅವನಿಗೆ ಅದು ಕಾಗದ ಎಂದು. ಅದೇ ಕಾರಣಕ್ಕೆ ನಮಗೆ ಸಿಕ್ಕಿದ ಒಂದಕ್ಕೆ ಐವತ್ತೋ ನೂರೋ ಹೊಂಡಕ್ಕೆ ಹೋಗುತ್ತಿದ್ದವು. ಆ ಅಗ್ಗದ ಸುಖವನ್ನು ನಾವು ಅವನ ಅಜ್ಞಾನದಿಂದ ಪಡೆಯುತ್ತಿದ್ದೆವು, ಬೇಸರದ ಮುಖ ಮಾಡಿ, ಮದ್ರಾಸಿ ಎಂದು ನಮ್ಮ ಭಾಷೆಯನ್ನು ನಾವೇ ಬೈದು. ನೂರೈವತ್ತು ಹೇಳುವವನ ಹತ್ತಿರ ಚೌಕಾಶಿ ಮಾಡಬಹುದು, ನಾಲ್ಕು ಜನ ಸೇರಿ ಕೊಳ್ಳಬಹುದು, ಅಲ್ಲೇ ನಿಂತು ಎರಡು ಪುಟ ಓದಿ ಇಟ್ಟು ಬರಬಹುದು. ಹೊಂಡಕ್ಕೆ ಹೋದದ್ದರ ಹತ್ತಿರ ಎಂತ ಮಾಡುತ್ತೀರಿ?

ಹಳೆ ಪುಸ್ತಕ ಹುಡುಕಿ, ಮೊಬೈಲಿನಲ್ಲಿ ಫೋಟೋ ಹಾಕಿ, ಸಾವಿರ ಎರಡು ಸಾವಿರಕ್ಕೆ ಮಾರುವವರನ್ನು ಕೆಲವರು ಬೈಯುತ್ತಾರೆ. ನನಗೆ ಅವರ ಮೇಲೆ ಅಷ್ಟು ಸಿಟ್ಟಿಲ್ಲ. ಅವರು ಪುಸ್ತಕವನ್ನು ಕನಿಷ್ಠ ಒಬ್ಬನಿಂದ ಇನ್ನೊಬ್ಬನಿಗೆ ದಾಟಿಸುತ್ತಾರೆ. ಮೊಹರು ಕೆರೆದು, ಚೀಟಿ ಕಿತ್ತು, "ಶುದ್ಧ ಪ್ರತಿ" ಎಂದು ಮಾರುವವರು ಮಾತ್ರ ಕೆಟ್ಟ ಕೆಲಸ ಮಾಡುತ್ತಾರೆ. ಸಂಗ್ರಹಕಾರರ ಲೆಕ್ಕದಲ್ಲಿ ಮೊಹರು ಎಂದರೆ ಕಲೆ. ಆ ಹನ್ನೊಂದು ತಾರೀಕುಗಳಿಲ್ಲದ 'ಶಿಕಾರಿ' ನನಗೆ ಈಗ ಬೇಡ. ಈ ಊರಲ್ಲಿ ಹೋಟೆಲು ಮುಚ್ಚಿದ ಮೇಲೆ ರಾತ್ರಿ ಹನ್ನೊಂದಕ್ಕೆ ಯಾರೋ ಚಿತ್ತಾಲರನ್ನು ಓದುತ್ತಿದ್ದರು ಎಂಬುದಕ್ಕೆ ನನಗೆ ಗೊತ್ತಿರುವ ಒಂದೇ ಕಾಗದಪತ್ರ ಅದು.

ಆ ಹದಿನಾಲ್ಕು ಪುಸ್ತಕಗಳನ್ನು ಸಂಘದ ಕೋಣೆಯ ಕಪಾಟಿನ ಎರಡನೆಯ ಹಲಗೆಯಲ್ಲಿ ಇಟ್ಟಿದ್ದೇನೆ. ಬೀಗ ಇಲ್ಲ. ಹಳೆ ಚೀಟಿಯ ಕೆಳಗೆ ಹೊಸ ಚೀಟಿ ಅಂಟಿಸಿದ್ದೇನೆ, ಗೋಧಿ ಹಿಟ್ಟಿನ ಅಂಟಿನಿಂದ. ದಯವಿಟ್ಟು ಸೆಲೋಟೇಪು ಹಚ್ಚಬೇಡಿ, ಐದು ವರ್ಷದಲ್ಲಿ ಹಳದಿಯಾಗಿ ಹಾಳೆಯನ್ನೇ ತಿನ್ನುತ್ತದೆ. ಎರಡು ತಿಂಗಳಲ್ಲಿ ಮೂರು ಪುಸ್ತಕ ಹೊರಗೆ ಹೋಗಿವೆ. ಒಂದನ್ನು ಒಯ್ದವನು ನಾನೇ. 'ಶಿಕಾರಿ' ಇನ್ನೂ ಅಲ್ಲೇ ಇದೆ.

ಮೊನ್ನೆ ಕಿಂಗ್ಸ್ ಸರ್ಕಲ್ಲಿನಿಂದ ಫೋನು ಬಂದಿತ್ತು. ಚೆಂಬೂರಿನ ಯಾವುದೋ ಬಿಲ್ಡಿಂಗಿನಿಂದ ಒಂದು ಗೋಣಿ ಬಂದಿದೆಯಂತೆ, ಅರ್ಧಕ್ಕಿಂತ ಹೆಚ್ಚು ಮಲಗಿದ ಗೆರೆಯದ್ದು. ಗೋಣಿಗೆ ಆರುನೂರು ಕೇಳುತ್ತಾನೆ. ನನ್ನ ಹತ್ತಿರ ಇರುವುದು ಇನ್ನೂರೈವತ್ತು. ಬರುವವರು ಈ ಆದಿತ್ಯವಾರ ಬೆಳಿಗ್ಗೆ ಒಂಬತ್ತಕ್ಕೆ ಕಿಂಗ್ಸ್ ಸರ್ಕಲ್ ಸ್ಟೇಷನ್ನಿನ ಟಿಕೇಟು ಕಿಟಕಿಯ ಹತ್ತಿರ ಬನ್ನಿ. ವಿಜಾಪುರದ ಗೆಳೆಯ ತಪ್ಪದೆ ಬರಬೇಕು, ಚೌಕಾಶಿ ಅವನೇ ಮಾಡಲಿ. ನನ್ನ ಮುಖ ನೋಡಿದರೆ ಆ ಮನುಷ್ಯ ಐವತ್ತು ಹೆಚ್ಚೇ ಹೇಳುತ್ತಾನೆ.